ಥೇನ್‌ನ ನೀರು ಕುಡಿಯದ ಟಗರು

ನನ್ನ ಗಂಡ ಥೇನ್ ಯಾವುದನ್ನೂ ಬೇಗ ತೀರ್ಮಾನ ಮಾಡುವ ಆಸಾಮಿಯಲ್ಲ. ಹೋಟೆಲಿಗೆ ಹೋದರೆ ಪಕ್ಕದ ಮೇಜಿನವರು ಏನು ತರಿಸಿಕೊಂಡರೋ ಅದನ್ನೇ ತಾನೂ ತರಿಸಿಕೊಳ್ಳುತ್ತಾನೆ, ಬಂದ ಮೇಲೆ ನನ್ನ ತಟ್ಟೆಯ ಕಡೆ ನೋಡುತ್ತಾನೆ. ನನ್ನನ್ನು ಮದುವೆಗೆ ಕೇಳುವುದೋ ಬೇಡವೋ ಎಂದು ಅವನು ಒದ್ದಾಡುವುದನ್ನು ನೋಡಲಾರದೆ ಕೊನೆಗೆ ನಾನೇ, ಚರ್ಚು ಯಾವ ಶನಿವಾರ ಖಾಲಿ ಇದೆ ವಿಚಾರಿಸಿಕೊಂಡು ಬಾ ಎಂದೆ. ವಿಚಾರಿಸಿಕೊಂಡು ಬಂದ. ಎರಡು ಶನಿವಾರ ಖಾಲಿ ಇದ್ದವಂತೆ. ಆ ಎರಡರಲ್ಲಿ ಯಾವುದು ಎಂದು ಮತ್ತೆ ಒಂದು ವಾರ ನಿದ್ದೆಗೆಟ್ಟ.

ಇಂಥವನಿಗೆ ದೇವರು ಸರಿಯಾದ ಕೆಲಸವನ್ನೇ ಕೊಟ್ಟಿದ್ದ. ಕೌಂಟಿಯ ಮಣ್ಣು ರಸ್ತೆಗಳನ್ನು ಮಟ್ಟ ಮಾಡುವ ಯಂತ್ರ ಓಡಿಸುತ್ತಿದ್ದ. ರಸ್ತೆ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಇವನೂ ಹೋದರಾಯಿತು. ಅರಿಜೋನಾದ ನಮ್ಮ ಮೂಲೆಯಲ್ಲಿ ಕವಲು ದಾರಿಗಳೂ ಕಡಿಮೆ.

ಒಂದೇ ಒಂದು ವಿಷಯದಲ್ಲಿ ಮಾತ್ರ ಅವನು ಹಿಂದೆ ಮುಂದೆ ನೋಡಿದವನಲ್ಲ. ಶನಿವಾರ ಬಂತೆಂದರೆ ಬೆಳಕು ಹರಿಯುವ ಮೊದಲೇ ಎದ್ದು, ಇನ್ನೂ ನಾಲ್ಕಾರು ಜನರ ಜೊತೆ ಸುಣ್ಣದ ಬೆಟ್ಟಕ್ಕೆ ಹೊರಟುಬಿಡುತ್ತಿದ್ದ. ಅಲ್ಲಿ ಕಾಡುಕುರಿಗಳಿಗೆ ನೀರಿನ ತೊಟ್ಟಿ ಕಟ್ಟುವುದು ಅವರ ಕೆಲಸ. ನಮ್ಮ ಬೆಟ್ಟಗಳಲ್ಲಿ ಮಳೆ ಬರುವುದೇ ಅಪರೂಪ. ಆ ಬಂದಷ್ಟನ್ನು ಇಳಿಜಾರಿನ ಗಾರೆ ಹಾಸಿನಲ್ಲಿ ಹಿಡಿದು, ಕೊಳವೆಯಲ್ಲಿ ಇಳಿಸಿ, ನೆಲದೊಳಗೆ ಹೂತ ತೊಟ್ಟಿಯಲ್ಲಿ ತುಂಬಿಟ್ಟರೆ ಕುರಿಗಳು ಬೇಸಗೆ ದಾಟಿಕೊಳ್ಳುತ್ತವೆ. ಹೇಸರಗತ್ತೆಯೂ ಹತ್ತಲೊಲ್ಲೆ ಎಂದು ನಿಂತ ಜಾಗಕ್ಕೆ ನನ್ನ ಗಂಡ ಬೆನ್ನ ಮೇಲೆ ಸಿಮೆಂಟು ಹೊತ್ತಿದ್ದಾನೆ. ಮನೆಯ ಅಡುಗೆಮನೆಯ ನಲ್ಲಿ ವರ್ಷಗಟ್ಟಲೆ ಸೋರಿತು, ಅದು ಬೇರೆ ಮಾತು.

ಹಾಗೆಯೇ ಪ್ರತಿ ವರ್ಷವೂ ಕಾಡುಟಗರಿನ ಬೇಟೆಯ ಪರ್ಮಿಟ್ಟಿನ ಲಾಟರಿಗೆ ತಪ್ಪದೆ ಅರ್ಜಿ ಹಾಕುತ್ತಿದ್ದ. ಆ ಪರ್ಮಿಟ್ಟು ಒಬ್ಬ ಮನುಷ್ಯನಿಗೆ ಜೀವಮಾನದಲ್ಲಿ ಒಂದೇ ಸಲ ಸಿಗುವಂಥದ್ದು, ಬಹಳ ಮಂದಿಗೆ ಅದೂ ಇಲ್ಲ. ನೀರು ಕೊಡುವವನೂ ಅವನೇ, ಹೊಡೆಯಲು ಕಾಯುವವನೂ ಅವನೇ ಎಂದರೆ ಹೊರಗಿನವರು ಹುಬ್ಬೇರಿಸಬಹುದು. ನಮ್ಮೂರಿನಲ್ಲಿ ಯಾರಿಗೂ ಅದು ವಿಚಿತ್ರವಲ್ಲ. ತೊಟ್ಟಿ ಕಟ್ಟುವವರೆಲ್ಲ ಬೇಟೆಯವರೇ.

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಫೋಟೊ ಇದೆ. ಸುಣ್ಣದ ಬೆಟ್ಟದಲ್ಲಿ ಕುರಿ ಹೆಚ್ಚಾದವೆಂದು ಸುಮಾರು ಹತ್ತು ವರ್ಷದ ಹಿಂದೆ ಒಮ್ಮೆ ಹೆಲಿಕಾಪ್ಟರಿನಿಂದ ಬಲೆ ಬೀಸಿ ಕೆಲವನ್ನು ಹಿಡಿದು, ದೂರದ ಹೆದ್ದಾರಿಯಾಚೆಯ ಬೆಟ್ಟಕ್ಕೆ ಸಾಗಿಸಿದರು. ಹಿಡಿದ ಕುರಿಯ ಕಣ್ಣು ಕಟ್ಟಿ, ಬೆದರಿ ಮೈ ಬಿಸಿಯಾಗದಂತೆ ನೀರು ಸುರಿಯುತ್ತ ಹಿಡಿದು ಕೂರುವುದು ತೊಟ್ಟಿಯವರ ಪಾಲಿನ ಕೆಲಸ. ಥೇನ್‌ಗೆ ಸಿಕ್ಕಿದ್ದು ಆ ವರ್ಷ ಹುಟ್ಟಿದ ಗಂಡುಮರಿ. ಅದರ ಕಣ್ಣಿನ ಪಟ್ಟಿಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಾನೆ. ಎಡಗಿವಿಗೆ ಹಳದಿ ಬಿಲ್ಲೆ ಚುಚ್ಚುವಾಗ ಕಿವಿ ಹಿಡಿದವನೂ ಅವನೇ. ಹಳದಿ ಬಿಲ್ಲೆ ಹಾಕಿದ್ದು ಆ ಒಂದು ಸಲ ಮಾತ್ರ. ಅವತ್ತು ಮನೆಗೆ ಬಂದವನ ಮೈಯೆಲ್ಲ ಕುರಿ ನಾತ. ಸ್ನಾನ ಮಾಡು ಎಂದರೆ ಜಪ್ಪಯ್ಯ ಅನ್ನಲಿಲ್ಲ.

ಕಳೆದ ವರ್ಷ ಬೇಸಗೆಯಲ್ಲಿ ಪರ್ಮಿಟ್ಟು ಬಂತು. ಥೇನ್ ಅದನ್ನು ಹಿಡಿದುಕೊಂಡು ಅಂಗಳದಲ್ಲಿ ನಿಂತಿದ್ದ, ಟೋಪಿಯಿಲ್ಲದೆ, ಆ ಸುಡುಬಿಸಿಲಿನಲ್ಲಿ.

ಟಗರಿನ ಪರ್ಮಿಟ್ಟು ಒಬ್ಬನಿಗೆ ಬಂದರೆ ನಮ್ಮೂರಿಗೆ ಊರಿಗೇ ಬಂದ ಹಾಗೆ. ಮನೆಗೆ ಬಂದವರು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳಬೇಕು, ಅದು ಮರ್ಯಾದೆ. ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿಕೊಂಡಿತು. ಒಬ್ಬೊಬ್ಬರೂ ಒಂದೊಂದು ಬಣ್ಣದ ಪೆನ್ನು ಹಿಡಿದು ಬಂದರು. ಕ್ಷೌರದಂಗಡಿಯವನು ಉತ್ತರದ ಇಳಿಜಾರು ಎಂದ, ಅವನ ತಮ್ಮ ಉತ್ತರ ಬಿಟ್ಟು ಎಲ್ಲಾದರೂ ಎಂದ. ಹೊಸ ಬೂಟು ಬೇಕೇಬೇಕು ಎಂದವರೂ ಉಂಟು, ಹೊಸ ಬೂಟು ಹಾಕಿದೆಯೋ ಸತ್ತೆ ಎಂದವರೂ ಉಂಟು. ಥೇನ್ ಎಲ್ಲದಕ್ಕೂ ತಲೆಯಾಡಿಸಿದ. ಗೈಡನ್ನು ಇಟ್ಟುಕೋ ಎಂದಾಗ ಮಾತ್ರ ಆಗುವುದಿಲ್ಲ ಎಂದುಬಿಟ್ಟ. ಇಷ್ಟು ವರ್ಷ ಬೆಟ್ಟ ಹತ್ತಿದವನಿಗೆ ಇನ್ನೊಬ್ಬ ಬೆರಳು ತೋರಿಸಿ ಅಗೋ ಟಗರು ಅನ್ನಬೇಕೇ ಎಂಬುದು ಅವನ ಹಟ. ನಾವಿಬ್ಬರು ಅಷ್ಟೂ ದಿನ ಬಟ್ಟೆ ಒಗೆಯುವ ಮಿಷಿನ್ನಿನ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ಉಂಡೆವು.

ಲಾಲೊ ಅಂತ ಒಬ್ಬನಿದ್ದಾನೆ, ತೊಟ್ಟಿ ಕೆಲಸದಲ್ಲಿ ಥೇನ್‌ನ ಹಳೆಯ ಜೋಡಿ. ಅವನು ನಕ್ಷೆಯನ್ನು ನೋಡುವ ಗೋಜಿಗೂ ಹೋಗಲಿಲ್ಲ.

"ಇಷ್ಟೆಲ್ಲಾ ಯಾಕೆ ಮಾರಾಯ? ಮೇಲಿನ ತೊಟ್ಟಿ ಹತ್ರ ಹೋಗಿ ಕೂತ್ಕೊ. ನಿನ್ ಕಾಫಿ ಆರೋದ್ರೊಳಗೆ ತಾವಾಗೇ ಬರ್ತವೆ."

ಥೇನ್ ಮುಖ ಸಣ್ಣದಾಯಿತು. ಲಾಲೊ ಹೋದ ಮೇಲೆ ನಕ್ಷೆಯ ಮುಂದೆ ಬಹಳ ಹೊತ್ತು ಕೂತ. ಆಮೇಲೆ ನನ್ನನ್ನು ಕರೆದ.

"ನಾನು ಕಟ್ಟಿದ ತೊಟ್ಟಿಗೆ ನೀರಿಗೆ ಬಂದಿದ್ದನ್ನ ನಾನೇ ಹೊಡೆಯೋಕಾಗಲ್ಲ ಡೆಲ್ಫಾ."

"ಇನ್ನೆಲ್ಲಿ ಹೊಡೀತೀಯ, ಮಾಂಸದಂಗಡೀಲಾ?"

"ನನ್ ನೀರು ಕುಡೀದೆ ಬೆಳೆದ ಟಗರು ಎಲ್ಲಾದ್ರೂ ಒಂದು ಇರ್ಬೇಕಲ್ಲ."

ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು, ಆಮೇಲೆ ಏನು ಬಂತೋ ಗೊತ್ತಾಗಲಿಲ್ಲ. ಅವನಿಗೆ ಗೊತ್ತಿದ್ದ ಕುರಿಗಳೆಲ್ಲ ಅವನ ತೊಟ್ಟಿಯ ಸುತ್ತಲಿನವೇ. ತೊಟ್ಟಿ ಇಲ್ಲದ ಕಡೆ ಕುರಿ ಇವೆಯೋ ಇಲ್ಲವೋ ಅವನಿಗೆ ತಿಳಿಯದು, ಏಕೆಂದರೆ ಅಲ್ಲಿಗೆ ಅವನು ಹೋದದ್ದೇ ಇಲ್ಲ. ಇಷ್ಟು ವರ್ಷ ಕಾದದ್ದು ಕೈಗೆ ಬಂದಾಗ ಹೊಡೆಯಲು ಜಾಗವೇ ಇಲ್ಲದಂತಾಯಿತು. ಚೀಲ ಕಟ್ಟುತ್ತಿದ್ದ, ಬಿಚ್ಚುತ್ತಿದ್ದ. ಹಳೆಯ ಬೂಟು ಒಂದು ಕಾಲಿಗೆ, ಹೊಸದು ಇನ್ನೊಂದು ಕಾಲಿಗೆ ಹಾಕಿಕೊಂಡು ಅಂಗಳ ಸುತ್ತುತ್ತಿದ್ದ. ನೋಡಿ ನೋಡಿ ನನಗೂ ತಲೆ ಚಿಟ್ಟು ಹಿಡಿಯಿತು. ಪರ್ಮಿಟ್ಟು ನಡೆಯುವುದು ಡಿಸೆಂಬರ್ ಮುಗಿಯುವವರೆಗೆ, ಅದಾದ ಮೇಲೆ ಅದು ಬರೀ ಕಾಗದ. ಅವನ ಮಂಡಿ ನೋಡಿದರೆ ಇನ್ನೊಂದು ಚಳಿಗಾಲಕ್ಕೆ ಬೆಟ್ಟ ಹತ್ತುವ ಮಂಡಿಯಲ್ಲ. ಈ ಮನುಷ್ಯ ಜೀವನದಲ್ಲಿ ಒಂದೇ ಒಂದನ್ನು ಬಯಸಿದ್ದ, ಅದೂ ಕೈತಪ್ಪಿದರೆ ಇವನ ಮುಖ ನೋಡಿಕೊಂಡು ನಾನು ಹೇಗಿರಲಿ ಎಂಬುದೇ ನನ್ನ ಚಿಂತೆಯಾಯಿತು.

ಕೊನೆಗೆ ಉಳಿದದ್ದು ಕತ್ತೆಬೆನ್ನು ಬೆಟ್ಟ. ಅಲ್ಲಿ ರಸ್ತೆಯಿಲ್ಲ, ತೊಟ್ಟಿಯಿಲ್ಲ, ಬಂಡೆಯ ಕುಳಿಯಲ್ಲಿ ನಿಂತ ಮಳೆನೀರೇ ಗತಿ. ಅಲ್ಲಿ ಹಲ್ಲಿ ಬಿಟ್ಟರೆ ಏನೂ ಸಿಗುವುದಿಲ್ಲ ಎಂದು ಲಾಲೊ ಬರಲೊಪ್ಪಲಿಲ್ಲ. ಹೀಗಾಗಿ ಕೆಳಗೆ ಕೂತು ದುರ್ಬೀನು ನೋಡುವ ಕೆಲಸ ನನ್ನ ತಲೆಗೆ ಬಂತು. ನಾನು ಜನ್ಮದಲ್ಲಿ ಒಂದು ಕೋಳಿಯನ್ನೂ ಕೊಯ್ದವಳಲ್ಲ.

ಹತ್ತಿ ಹೋದವನಿಗೆ ಬಂಡೆಗಳ ಮರೆಯಲ್ಲಿ ಎಲ್ಲವೂ ಕಾಣುವುದಿಲ್ಲ. ಕೆಳಗೆ ಕೂತವರಿಗೆ ದೊಡ್ಡ ದುರ್ಬೀನಿನಲ್ಲಿ ಟಗರಿನ ವಯಸ್ಸು, ವರ್ಷಕ್ಕೊಂದರಂತೆ ಕೋಡಿನ ಮೇಲೆ ಮೂಡುವ ಬಳೆಗಳು, ಹಿಂದೆ ಹೆಣ್ಣುಕುರಿ, ಮರಿ ಇವೆಯೋ ಇಲ್ಲವೋ, ಎಲ್ಲವೂ ತಿಳಿಯುತ್ತದೆ. ರೇಡಿಯೊದಲ್ಲಿ ಮಾತಾಡುವುದು ಥೇನ್‌ನ ಲೆಕ್ಕದಲ್ಲಿ ಮೋಸ. ಹಳಬರೆಲ್ಲ ಬಿಳಿ ಬಟ್ಟೆ ಎತ್ತಿಯೇ ಸನ್ನೆ ಮಾಡುತ್ತಿದ್ದದ್ದು. ನಾನು ಮನೆಯಿಂದ ದಿಂಬಿನ ಕವರು ತಂದಿದ್ದೆ.

"ಕವರು ಎತ್ತಿದ್ರೆ ಹೊಡೀತೀನಿ, ಎತ್ತದಿದ್ರೆ ಇಲ್ಲ," ಎಂದ. "ತೀರ್ಮಾನ ನಿಂದು ಡೆಲ್ಫಾ. ನಾನು ಯೋಚನೆ ಮಾಡ್ತಾ ಕೂತ್ರೆ ಟಗರು ಮುದಿಯಾಗಿ ಸತ್ತೇ ಹೋಗುತ್ತೆ."

ಆಯಿತು ಎಂದೆ. ಚರ್ಚಿನ ಶನಿವಾರ ಗೊತ್ತು ಮಾಡಿದವಳು ನಾನೇ, ಇದನ್ನೂ ಮಾಡಿದರಾಯಿತು ಎಂದುಕೊಂಡೆ.

ಕತ್ತೆಬೆನ್ನಿನ ಬುಡದಲ್ಲಿ ಡೇರೆ ಹಾಕಿಕೊಂಡು ಕಾದೆವು. ದಿನವೂ ತೊರ್ತಿಯಾ ರೊಟ್ಟಿಯಲ್ಲಿ ಬೇಯಿಸಿದ ಕಾಳು ಸುತ್ತಿ ತಿನ್ನುವುದು, ಸಂಜೆ ಅವನ ಕಾಲಿಗೆ ಕಚ್ಚಿಕೊಂಡ ಕಳ್ಳಿಮುಳ್ಳನ್ನು ನನ್ನ ಬಾಚಣಿಗೆಯಿಂದ ಕಿತ್ತುಹಾಕುವುದು. ಟಗರಿರಲಿ, ಟಗರಿನ ಹಿಕ್ಕೆಯೂ ಇಲ್ಲ. ಲಾಲೊ ಹೇಳಿದ ಹಲ್ಲಿಗಳು ಮಾತ್ರ ಇದ್ದವು. ಡಿಸೆಂಬರ್ ಮುಗಿಯುತ್ತ ಬಂತು. ಮನೆಗೆ ಹೋಗೋಣವೇ, ಸುಣ್ಣದ ಬೆಟ್ಟಕ್ಕೇ ಹೋಗೋಣವೇ ಎಂದು ಅವನು ಕೇಳುವುದು, ನಿನಗೆ ಹೇಗೆ ಅನ್ನಿಸುತ್ತದೋ ಹಾಗೆ ಎಂದು ನಾನು ಹೇಳುವುದು, ಹೇಗನ್ನಿಸುತ್ತದೆ ಎಂದು ಗೊತ್ತಾಗುತ್ತಿಲ್ಲ ಎಂದು ಅವನು ತಲೆ ಹಿಡಿದುಕೊಳ್ಳುವುದು.

ಕೊನೆಗೊಂದು ಬೆಳಿಗ್ಗೆ ಬೆಟ್ಟದ ಏಣಿನ ಮೇಲೆ ಟಗರು ನಿಂತಿತ್ತು. ಒಂಟಿ. ಅದನ್ನು ಮೊದಲು ಕಂಡವನು ಅವನೇ. ತನ್ನ ಚಿಕ್ಕ ದುರ್ಬೀನಿನಲ್ಲಿ ಎಷ್ಟೋ ಹೊತ್ತು ನೋಡಿದ. ಒಂದು ಮಾತೂ ಆಡದೆ ಕೋವಿ ಎತ್ತಿಕೊಂಡು ಕಣಿವೆ ಬಳಸಿ ಹತ್ತತೊಡಗಿದ. ನಾನು ದೊಡ್ಡ ದುರ್ಬೀನಿಗೆ ಕಣ್ಣಿಟ್ಟೆ.

ಕೋಡು ಪೂರಾ ಸುತ್ತು ಬಂದು ತುದಿ ಸವೆದಿತ್ತು. ಬಳೆಗಳನ್ನು ಅವನು ಕಲಿಸಿದಂತೆ ಎಣಿಸಿದೆ. ಮುದಿ ಟಗರು, ಸೊಂಟದ ಮೂಳೆ ಎದ್ದು ಕಾಣುತ್ತಿತ್ತು. ಥೇನ್ ಬಂಡೆಯ ಹಿಂದೆ ಮಲಗಿ ಕೋವಿ ಊರಿ, ನನ್ನ ಕಡೆ ತಿರುಗಿ ನೋಡಿದ. ನಾನು ದಿಂಬಿನ ಕವರು ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಟಗರು ಕತ್ತು ಹೊರಳಿಸಿತು. ಎಡಗಿವಿಯಲ್ಲಿ ಹಳದಿ.

ದುರ್ಬೀನು ಒರೆಸಿ ನೋಡಿದೆ, ಹಳದಿಯೇ. ಹೆದ್ದಾರಿಯಾಚೆ ಬಿಟ್ಟ ಮರಿಗಳಲ್ಲೊಂದು ಅಷ್ಟು ದೊಡ್ಡ ಬಯಲು ದಾಟಿ ಇಲ್ಲಿಗೆ ಬಂದು ಸೇರಿಕೊಂಡಿತ್ತು. ಫೋಟೊದಲ್ಲಿನ ಮರಿ ಇದೇನಾ, ಅದರ ಜೊತೆಯದಾ, ಯಾರಿಗೆ ಗೊತ್ತು. ಯಾವುದೇ ಆಗಲಿ, ಥೇನ್‌ನ ನೀರು ಕುಡಿದ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದೇ. ಅವನು ಮಲಗಿದ ಕಡೆಯಿಂದ ಆ ಕಿವಿ ಕಾಣುವುದಿಲ್ಲ ಎಂದುಕೊಂಡೆ. ಕವರು ಎತ್ತದಿದ್ದರೆ ಇನ್ನು ಟಗರಿಲ್ಲ, ಇನ್ನು ಪರ್ಮಿಟ್ಟಿಲ್ಲ, ನನ್ನ ಗಂಡ ಸಾಯುವವರೆಗೂ ಬರಿಗೈ. ಎತ್ತಿದರೆ ಹತ್ತಿರ ಹೋದಾಗ ಕಿವಿ ನೋಡುತ್ತಾನೆ. ತೊಟ್ಟಿಯ ಹತ್ತಿರ ಆಗದು ಎಂದಿದ್ದ, ಇಲ್ಲಿ ತೊಟ್ಟಿಯೇ ಇಲ್ಲವಲ್ಲ. ಪ್ರಾಣಿಯ ಮೈ ನೋಡಿದರೆ ಈ ಚಳಿಗಾಲ ದಾಟುವುದೂ ಕಷ್ಟ. ಅಯ್ಯೋ, ಇದಕ್ಕೊಂದು ಸನ್ನೆ ನಾವು ಮಾಡಿಕೊಂಡಿರಲಿಲ್ಲ. ಎತ್ತು ಅಥವಾ ಎತ್ತಬೇಡ, ಎರಡೇ.

ಎತ್ತಿದೆ. ನಾನೇ ಎತ್ತಿದೆನೋ, ಕೈ ತಾನಾಗಿ ಎದ್ದಿತೋ, ಇವತ್ತಿಗೂ ನನಗೆ ತಿಳಿಯದು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆ ಹೊತ್ತಿನಲ್ಲಿ ಕೈ ಇಳಿಸಬಹುದಿತ್ತು, ಇಳಿಸಲಿಲ್ಲ. ಆಮೇಲೆ ಈಡಿನ ಸದ್ದು ಬಂತು.

ನಾನು ಹತ್ತಿ ಹೋಗುವುದರೊಳಗೆ ಮಧ್ಯಾಹ್ನವಾಗಿತ್ತು. ಥೇನ್ ಟಗರಿನ ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದ. ಒಂದು ಅಂಗೈ ಅದರ ಕಣ್ಣಿನ ಮೇಲಿತ್ತು, ಫೋಟೊದಲ್ಲಿ ಇದ್ದಂತೆಯೇ. ಇನ್ನೊಂದು ಕೈಯಿಂದ ತನ್ನ ಬಾಟಲಿಯ ನೀರನ್ನು ಅದರ ಬಾಯಿಗೆ ಹನಿಸುತ್ತಿದ್ದ. ನೀರು ಬಾಯಿಯ ಪಕ್ಕದಿಂದ ಇಳಿದು ಕಲ್ಲಿನ ಮೇಲೆ ಹರಿಯುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ.

"ಕೆಳಗಿಂದ ಹಳದಿ ಕಾಣಿಸ್ತಾ ನಿಂಗೆ?" ಎಂದ.

"ಕಾಣಿಸ್ತು."

"ನಂಗೂ ಕಾಣಿಸಿತ್ತು. ಬೆಳಿಗ್ಗೇನೇ."

"ಗೊತ್ತಿದ್ದೂ ಯಾಕೆ ಹತ್ತಿದೆ? ಯಾಕೆ ಹೊಡೆದೆ?"

ಅವನು ಬಾಟಲಿಯ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ.

"ನೀನು ಎತ್ತಲ್ಲ ಅಂದ್ಕೊಂಡಿದ್ದೆ, ಡೆಲ್ಫಾ."

ಬೈಯಬೇಕು ಅನ್ನಿಸಿತು, ಕಾಲು ಹಿಡಿಯಬೇಕು ಅನ್ನಿಸಿತು. ಎರಡನ್ನೂ ಮಾಡದೆ ಚಾಕು ಎತ್ತಿ ಕೊಟ್ಟೆ. ಬಿಸಿಲಿಗೆ ಮಾಂಸ ಕೆಡುತ್ತದೆ, ಕೆಡಿಸುವುದು ಪಾಪ. ಕತ್ತಲಾಗುವುದರೊಳಗೆ ಹೊತ್ತು ಇಳಿಸಿದೆವು. ಅವನ ಬೆನ್ನ ಮೇಲೆ ಕೋಡು, ನನ್ನ ಬೆನ್ನ ಮೇಲೆ ದಿಂಬಿನ ಕವರಿನಲ್ಲಿ ಕಟ್ಟಿದ ಮಾಂಸ.

ಹಸಿಮೆಣಸಿನಕಾಯಿ ಹಾಕಿ ಬೇಯಿಸಿದೆ. ಊರೆಲ್ಲ ಬಂದು ಉಂಡಿತು. ಕತ್ತೆಬೆನ್ನಿನಲ್ಲಿ ಟಗರಾ ಎನ್ನುತ್ತ ಲಾಲೊ ಮೂಳೆ ಚೀಪುತ್ತಲೇ ಇದ್ದ. ರುಚಿಯಾಗಿತ್ತು, ಸುಳ್ಳು ಹೇಳಬಾರದು. ನಾವಿಬ್ಬರೂ ಎರಡು ಸಲ ಬಡಿಸಿಕೊಂಡೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮುಂದಿನ ಶನಿವಾರ ಎದ್ದು ನೋಡಿದರೆ ಅವನು ಗಾಡಿಗೆ ಸಿಮೆಂಟು ಚೀಲ ಏರಿಸುತ್ತಿದ್ದ. ಎಲ್ಲಿಗೆ ಎಂದು ಕೇಳಿದ್ದಕ್ಕೆ ಕತ್ತೆಬೆನ್ನಿಗೆ ಎಂದ. ಅಲ್ಲಿ ತೊಟ್ಟಿ ಇಲ್ಲವಲ್ಲ, ಕಟ್ಟಬೇಕು ಎಂದ. ಅವನು ಕರೆಯಲಿಲ್ಲ, ನಾನೇ ಹೋಗಿ ಪಕ್ಕದಲ್ಲಿ ಕೂತೆ. ಹೆದ್ದಾರಿ ಸೇರುವ ಕಡೆ ಕತ್ತೆಬೆನ್ನಿನ ಬುಡಕ್ಕೆ ಎರಡು ದಾರಿಗಳಿವೆ, ಒಣಹಳ್ಳದ ಒಳಗಿನದು ಒಂದು, ಬಳಸು ದಾರಿ ಒಂದು. ಥೇನ್ ಗಾಡಿ ನಿಲ್ಲಿಸಿ ಯಾವುದು ಎಂದು ಕೇಳಿದ.

"ನೀನೇ ಹೇಳು," ಎಂದೆ.

ಇಂಜಿನ್ನು ಆರಿಸದೆ ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟುಕೊಂಡು ಅವನು ಬಹಳ ಹೊತ್ತು ಕೂತಿದ್ದ. ಹಿಂದೆ ಒಂದು ಲಾರಿ ಬಂದು ಹಾರನ್ ಹೊಡೆದು, ಪಕ್ಕಕ್ಕೆ ಸರಿದು ಹೋಯಿತು. ನಾನು ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು ಕೂತೆ.