ಹರಿವಾಣದ ಹಿಂಬದಿಯ ಹೆಸರು

ಥಾಣೆಯಿಂದ ನಮ್ಮ ಕಡೆಗೆ ಲೋಕಲ್ ರೈಲು ಓಡಲು ಶುರುವಾದ ಹೊಸತರಲ್ಲಿ ನಾನು ಮದುವೆಯಾಗಿ ನೆರೂಳಿಗೆ ಬಂದೆ. ಇವರಿಗೆ ಅದು ಎರಡನೆಯ ಮದುವೆ. ಮೊದಲನೆಯವಳು ತೀರಿಕೊಂಡು ಎರಡು ವರ್ಷವಾಗಿತ್ತು. ಆರು ವರ್ಷದ ಮಗಳಿದ್ದಳು. ನನ್ನನ್ನು ಚಿಕ್ಕಮ್ಮ ಎಂದು ಕರೆಯಲು ಯಾರೋ ಕಲಿಸಿಕೊಟ್ಟಿದ್ದರು, ಹಾಗೆಯೇ ಕರೆಯುತ್ತಿದ್ದಳು.

ಹೋದವಳ ಸೀರೆಗಳನ್ನು ನಾದಿನಿಯರು ಹಂಚಿಕೊಂಡಿದ್ದರು. ಅಡಿಗೆಮನೆಯಲ್ಲಿ ಉಳಿದದ್ದು ಒಂದು ಹರಿವಾಣ. ಹಿತ್ತಾಳೆಯ ಮೇಲೆ ಬೆಳ್ಳಿಯ ನೀರು ಕೊಟ್ಟದ್ದು, ಉಡುಪಿಯಿಂದ ಮದುವೆಗೆ ಬಂದ ಉಡುಗೊರೆ. ಹಿಂಬದಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಕೊರೆದಿತ್ತು. ಬಂದವರಿಗೆ ಚಹಾ ಕೊಡುವುದೂ ಅದರಲ್ಲೇ, ಅರಿಶಿನ ಕುಂಕುಮಕ್ಕೂ ಅದೇ.

ಎರಡೂ ಅಂಚಿನಲ್ಲಿ ಬೆಳ್ಳಿ ಸವೆದು ಹಿತ್ತಾಳೆಯ ಹಳದಿ ಕಾಣುತ್ತಿತ್ತು. ಮೊದಲ ಸಲ ನಾಲ್ಕು ಕಪ್ ಇಟ್ಟು ಎತ್ತಿದಾಗ ನನ್ನ ಹೆಬ್ಬೆರಳುಗಳು ಸರಿಯಾಗಿ ಆ ಹಳದಿ ಗುರುತುಗಳ ಮೇಲೆ ಹೋಗಿ ಕೂತವು. ಅವಳು ವರ್ಷಗಟ್ಟಲೆ ಹಿಡಿದು ಹಿಡಿದು ಮಾಡಿದ ಜಾಗ. ಬೇರೆ ಕಡೆ ಹಿಡಿಯಲು ನೋಡಿದೆ, ಹರಿವಾಣ ವಾಲಿ ಚಹಾ ಚೆಲ್ಲಿತು. ಇವರು ತಲೆಯೆತ್ತಿ ನೋಡಿದರು. ನನ್ನನ್ನಲ್ಲ, ನನ್ನ ಕೈಗಳನ್ನು.

ಗಣಪತಿ ಹಬ್ಬಕ್ಕೆ ನಾದಿನಿಯರು ಬರುವವರಿದ್ದರು. ಹಲ್ಲುಪುಡಿಗೆ ಲಿಂಬೆರಸ ಹಿಂಡಿ ಒಂದು ಮಧ್ಯಾಹ್ನವಿಡೀ ಅದನ್ನು ಉಜ್ಜಿದೆ. ಕಪ್ಪು ಹೋಯಿತು, ಜೊತೆಗೆ ಇದ್ದ ಬೆಳ್ಳಿಯೂ ಹೋಗಿ ನಡುವೆಯೇ ಹಳದಿ ತೇಲಿತು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ವೋ ಮಮ್ಮೀ ಕಾ ಹೈ” ಎಂದಳು, ಅದು ಮಮ್ಮಿಯದು ಎಂದು. ಅಷ್ಟೇ.

ಮರುದಿನ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ತುರ್ಭೆಗೆ ಹೋದೆ. ಕಾರ್ಖಾನೆಗಳ ಸಾಲಿನ ಹಿಂದೆ, ತಗಡಿನ ಮಾಡಿನ ಕೆಳಗೆ ಬೆಳ್ಳಿಯ ನೀರು ಕೊಡುವ ಪ್ಲೇಟಿಂಗ್ ಜಾಗ. ಆಮ್ಲದ ವಾಸನೆಗೆ ಗಂಟಲು ಕೆರೆಯಿತು. ಪಾಲಿಶ್ ಚಕ್ರದ ಮುಂದೆ ಕೂತಿದ್ದವರು ವಿಜಯಪುರದ ಕಡೆಯವರು, ನನ್ನ ಹಿಂದಿ ಕೇಳಿದ ಕೂಡಲೇ ಕನ್ನಡಕ್ಕೆ ಬಂದರು. ಹರಿವಾಣ ತಿರುಗಿಸಿ ನೋಡಿ ಕೇಳಿದರು:

“ಅಕ್ಕಾರ, ಹಿಂದ ಹೆಸರ ಐತ್ರಿ. ಮೊದಲ ಚಕ್ರಕ್ಕ ಹಿಡದು ತಿಕ್ಕಬೇಕು, ಆಮ್ಯಾಲೆ ಬೆಳ್ಳಿ. ಹೆಸರ ಇಡೂಣೋ, ತೆಗ್ಯೂಣೋ?”

“ತೆಗೀರಿ” ಎಂದೆ.

“ಇದು ನಿಮ್ಮದ ಹೆಸರ ಏನ್ರಿ?”

“ಅಲ್ಲ. ಅವರು ಈಗ ಇಲ್ಲ.”

ಅವರು ಹರಿವಾಣ ಪಕ್ಕಕ್ಕಿಟ್ಟು, ಮುಂದಿನ ವಾರ ಬರಲು ಹೇಳಿದರು.

ವಾರ ಬಿಟ್ಟು ಹೋದಾಗ ಹರಿವಾಣ ಕನ್ನಡಿಯಂತೆ ಹೊಳೆಯುತ್ತಿತ್ತು. ಅಂಚಿನ ಹಳದಿ ಇಲ್ಲ, ಹಿಂಬದಿಯ ಹೆಸರೂ ಇಲ್ಲ. ಲೋಕಲ್‌ನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುವಾಗ ನನಗೆ ಹಗುರವೆನಿಸಿತು. ಸುಳ್ಳು ಯಾಕೆ ಹೇಳಲಿ, ಖುಷಿಯೇ ಆಯಿತು.

ಇವರು ಅದನ್ನು ತಿರುಗಿಸಿ, ಹಿಂಬದಿಯ ಮೇಲೆ ಬೆರಳಾಡಿಸಿ ಕೆಳಗಿಟ್ಟರು. ಮಗಳು ಕೇಳಿಯೇಬಿಟ್ಟಳು.

“ಮಮ್ಮೀ ಕಾ ನಾಮ್ ಕಿಧರ್ ಗಯಾ?”

“ಪಾಲಿಶ್‌ನಲ್ಲಿ ಹೋಯ್ತು ಮಗಾ. ಅಂಗಡಿಯವರು ಕೇಳದೆ ತೆಗೆದುಬಿಟ್ಟಿದ್ದಾರೆ” ಎಂದೆ.

ಅವಳು ನೆಲದ ಮೇಲೆ ಕೂತು, ಏನೂ ಇಲ್ಲದ ಆ ಬೆಳ್ಳಿಯ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದಳು. ಅಕ್ಷರಗಳು ಎಲ್ಲಿದ್ದವೋ ಸರಿಯಾಗಿ ಅಲ್ಲೇ.

ಐದಾರು ವರ್ಷ ಕಳೆಯಿತು. ಸಮುದ್ರದ ಖಾಡಿಯಿಂದ ಬರುವ ಉಪ್ಪಿನ ಹಸಿಗಾಳಿಗೆ ನೆರೂಳಿನಲ್ಲಿ ಯಾವ ಬೆಳ್ಳಿಯೂ ಬೆಳ್ಳಗೆ ಉಳಿಯುವುದಿಲ್ಲ. ಹರಿವಾಣ ಮೆಲ್ಲಗೆ ಕಪ್ಪಾಯಿತು. ಒಂದು ದಿನ ತೊಳೆದು ಬೋರಲು ಹಾಕಿದಾಗ ಹಿಂಬದಿಯಲ್ಲಿ ಕಪ್ಪು ಚುಕ್ಕಿಗಳ ಸಾಲು ಕಂಡಿತು. ಬಟ್ಟೆಯಿಂದ ತಿಕ್ಕಿದೆ. ಸುತ್ತಲಿನದು ಬೆಳಗಿತು, ಚುಕ್ಕಿಗಳು ಮತ್ತಷ್ಟು ಸ್ಪಷ್ಟವಾದವು. ಒಂದು ಅಕ್ಷರ. ತಿಂಗಳು ಕಳೆಯುವಷ್ಟರಲ್ಲಿ ಇನ್ನೊಂದು.

ಹರಿವಾಣವನ್ನು ಅಕ್ಕಿ ಡಬ್ಬದ ಹಿಂದೆ ನಿಲ್ಲಿಸಿ, ಚಹಾಕ್ಕೆ ಪ್ಲಾಸ್ಟಿಕ್ ಟ್ರೇ ತಂದೆ. ಯಾರೂ ಕೇಳಲಿಲ್ಲ. ಆದರೆ ಮಧ್ಯಾಹ್ನ ಇವರು ಆಫೀಸಿಗೆ, ಮಗಳು ಶಾಲೆಗೆ ಹೋದ ಮೇಲೆ, ಆ ಡಬ್ಬಕ್ಕೆ ಬೆನ್ನು ಹಾಕಿ ತರಕಾರಿ ಹೆಚ್ಚಲು ನನ್ನಿಂದ ಆಗುತ್ತಿರಲಿಲ್ಲ. ಹಿಂದೆ ಯಾರೋ ನಿಂತು ನಾನು ಹೆಚ್ಚುವುದನ್ನು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಕೋಪದಿಂದಲ್ಲ. ತನ್ನ ಅಡಿಗೆಮನೆಯಲ್ಲಿ ಬೇರೊಬ್ಬಳು ಹೇಗೆ ಮಾಡುತ್ತಾಳೆ ಎಂದು ನೋಡುವ ಹಾಗೆ. ನಾನು ಗೋಡೆಗೆ ಬೆನ್ನು ಕೊಟ್ಟು ಕೂರಲು ಶುರುಮಾಡಿದೆ.

ಕೊನೆಗೆ ತಡೆಯಲಾರದೆ ಮತ್ತೆ ತುರ್ಭೆಗೆ ಹೋದೆ. ಅವರೇ ಇದ್ದರು, ತಲೆ ನೆರೆತಿತ್ತು. ಹರಿವಾಣ ನೋಡಿದ್ದೇ ಗುರುತು ಹಿಡಿದರು.

“ನೀವು ತೆಗೀರಿ ಅಂದಿದ್ರಿ. ನಾನೂ ಚಕ್ರಕ್ಕ ಹಿಡದೆ. ಅರ್ಧ ಸವದಿತ್ತು ನೋಡ್ರಿ, ಕೈ ನಿಂತ್ವು. ಸತ್ತವರ ಹೆಸರ ಅಳಸಾಕ ಆಗ್ಲಿಲ್ಲ ಅಕ್ಕಾರ. ಹಂಗ ಅದರ ಮ್ಯಾಲೇ ಬೆಳ್ಳಿ ಹಾಕಿ ಮುಚ್ಚಿ ಕೊಟ್ಟೆ. ತಪ್ಪಾಗಿದ್ರ ಹೇಳ್ರಿ, ಈಗ ತಿಕ್ಕಿ ಕೊಡ್ತೀನಿ.”

ಅವಳು ಯಾರೆಂದೇ ಗೊತ್ತಿಲ್ಲದ ಒಬ್ಬರಿಗೆ ಮಾಡಲಾಗದ್ದು ನನ್ನ ಬಾಯಿಂದ ಒಂದೇ ಮಾತಿಗೆ ಬಂದಿತ್ತು. “ಬೇಡ” ಎಂದು ಹರಿವಾಣ ತೆಗೆದುಕೊಂಡು ಬಂದೆ.

ಸಂಜೆ ಮಗಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅಂಗಡಿಯವರು ಕೇಳದೆ ತೆಗೆದದ್ದಲ್ಲ, ನಾನೇ ತೆಗೆಯಲು ಹೇಳಿದ್ದು ಎಂದೆ. ಅವಳು ಎದ್ದುಹೋದಳು. ಎರಡು ದಿನ ನಾನು ಬಡಿಸಿದ್ದನ್ನು ಉಂಡಳು, ಅಷ್ಟೇ. ಮೂರನೆಯ ದಿನ ಶಾಲೆಯ ಚೀಲ ಇಳಿಸದೆಯೇ ಬಂದು ನನ್ನ ಪಕ್ಕ ನಿಂತಳು.

“ಚಿಕ್ಕಮ್ಮ, ನಿಂಗೆ ಮಮ್ಮಿ ಅಂದ್ರೆ ಹೆದ್ರಿಕೆಯಾ?”

“ಹೌದು.”

“ನಂಗೂ. ಸಪ್ನೇಲಿ ಬರ್ತಾಳೆ, ಬಾಯಿ ಆಡಿಸ್ತಾಳೆ. ಏನೂ ಕೇಳ್ಸೋದಿಲ್ಲ. ಅವಳ ಆವಾಜ್ ನಂಗೆ ಮರ್ತೇ ಹೋಗಿದೆ.”

ಆ ಸ್ವರ ನಾನು ಕೇಳಿದವಳೇ ಅಲ್ಲ. ಇಷ್ಟು ವರ್ಷ ಆ ಮನೆಯಲ್ಲಿ ಅವಳ ಮಾತು ಬರದ ಹಾಗೆ ನೋಡಿಕೊಂಡವಳೂ ನಾನೇ.

ಮರುದಿನ ಬೆಳಿಗ್ಗೆ ಇವರು ಪೇಪರ್ ಓದುತ್ತಿದ್ದಾಗ ಕೇಳಿದೆ, “ಅವಳ ಸ್ವರ ಹೇಗಿತ್ತು?”

ಇವರು ಪೇಪರ್ ಇಳಿಸಲಿಲ್ಲ. ಪೇಪರಿನ ಹಿಂದಿನಿಂದಲೇ ಮಾತು ಬಂತು.

“ಸ್ವಲ್ಪ ದಪ್ಪ. ಫೋನಿನಲ್ಲಿ ಗಂಡಸು ಅಂತ ತಿಳೀತಿದ್ರು. ಅವಳಿಗೇ ನಗು ಬರ್ತಿತ್ತು.”

ಮಗಳು ಹಲ್ಲುಜ್ಜುವುದನ್ನು ನಿಲ್ಲಿಸಿ ಬಾತ್‌ರೂಮಿನ ಬಾಗಿಲಲ್ಲಿ ನಿಂತಿದ್ದಳು. “ಔರ್? ಮತ್ತೆ?” ಎಂದಳು.

ಇವರು ಪೇಪರ್ ಮಡಚಿಟ್ಟರು. ಆ ದಿನ ಆಫೀಸಿಗೆ ಹೋಗಲಿಲ್ಲ.