ಅತ್ತೆಯ ಆಣೆ

ಸ್ಫಾಕ್ಸ್ ನಗರದ ಬಂದರಿಗೆ ಭಾನುವಾರದ ಸಂಜೆ ದ್ವೀಪದ ಫೆರಿ ಬಂದು ನಿಂತಾಗ ವಿದಾದ್ ಗೇಟಿನ ಕಂಬಿ ಹಿಡಿದು ಕಾಯುತ್ತಿದ್ದಳು. ಮೊದಲು ಕಾರುಗಳು ಇಳಿದವು, ಆಮೇಲೆ ಮೀನಿನ ಬುಟ್ಟಿಯವರು, ಕೊನೆಗೆ ಚೀಲ ಹೊತ್ತು ಮಕ್ಕಳ ಕೈಹಿಡಿದ ಹೆಂಗಸರು. ಅವಳ ಮಗಳು ಸೀರೀನ್ ಮಾತ್ರ ಇಳಿಯಲಿಲ್ಲ. ವಿದಾದ್ ಫೋನ್ ಮಾಡಿದಳು.

"ಗಾಳಿ ಜೋರಾಗಿದೆ ಕಣೇ, ಫೆರಿ ಬಿಟ್ಟಿಲ್ಲ," ಅಂದ ಲಸಾದ್.

"ಫೆರಿ ನನ್ನ ಮೂಗಿನ ಮುಂದೇನೇ ನಿಂತಿದೆಯಲ್ಲೋ!"

"ಹಾಗಾದ್ರೆ ನಾಳೆ ನೋಡೋಣ," ಎಂದು ಫೋನ್ ಇಟ್ಟುಬಿಟ್ಟ.

ಲಸಾದ್ ಅವಳ ಗಂಡನಾಗಿದ್ದವನು. ಸ್ಫಾಕ್ಸ್‌ನಲ್ಲಿ ಗ್ಯಾರೇಜು ಇಟ್ಟು, ಅದು ಮುಳುಗಿ, ವಿಚ್ಛೇದನವಾದ ಮೇಲೆ ತನ್ನ ಕೆರ್ಕೆನ್ನಾ ದ್ವೀಪಕ್ಕೆ ಹಿಂತಿರುಗಿ ಆಕ್ಟೋಪಸ್ ಹಿಡಿಯುವ ಕೆಲಸಕ್ಕೆ ಬಿದ್ದಿದ್ದ. ಮಗಳು ತಾಯಿಯ ಬಳಿ ಇರಬೇಕು, ವಾರ ಬಿಟ್ಟು ವಾರ ಎರಡು ದಿನ ತಂದೆಯ ಬಳಿ ಹೋಗಿಬರಬೇಕು ಎಂದು ಕೋರ್ಟು ಹೇಳಿತ್ತು. ಅವನ ಮಾತಿನ ಮೇಲೆ ವಿದಾದ್‌ಗೆ ಎಂದೂ ಭರವಸೆ ಇರಲಿಲ್ಲ. ಅವಳ ಭರವಸೆಯೆಲ್ಲ ಅವನ ತಾಯಿ ಮನ್ನೂಬಿಯಾ ಮೇಲೆ.

ಅದಕ್ಕೆ ಕಾರಣವೂ ಇತ್ತು. ವಿದಾದ್‌ಳ ಹೆತ್ತ ತಾಯಿ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಮದುವೆಯಾಗಿ ದ್ವೀಪಕ್ಕೆ ಹೋದಾಗ ತಲೆಗೆ ಎಣ್ಣೆ ಹಚ್ಚಿ, ಬಾಣಂತನ ಮಾಡಿ, ಮಗನ ಕೂಗಾಟಕ್ಕೆ ಅಡ್ಡ ನಿಂತವಳು ಈ ಅತ್ತೆಯೇ. ವಿದಾದ್ ಅವಳನ್ನು 'ಉಮ್ಮಿ', ಅಮ್ಮ, ಎಂದೇ ಕರೆಯುತ್ತಿದ್ದಳು. ವಿಚ್ಛೇದನದ ದಿನ ಲಸಾದ್ ಮಗು ತನಗೇ ಬೇಕೆಂದು ಹಟ ಹಿಡಿದಾಗ ಮನ್ನೂಬಿಯಾ ಎದ್ದು ನಿಂತು, "ಹೆಣ್ಣುಮಗು ಸ್ವಾಮಿ, ತಾಯಿ ಹತ್ರಾನೇ ಇರ್ಲಿ," ಎಂದು ನ್ಯಾಯಾಧೀಶರಿಗೇ ಹೇಳಿದ್ದಳು. ಮಗುವನ್ನು ಸ್ಫಾಕ್ಸ್‌ನಲ್ಲೇ ಯಾರಾದರೂ ಅಧಿಕಾರಿಯ ಎದುರು ತಂದೆಗೆ ತೋರಿಸುವಂತೆ ಕೇಳೋಣ ಎಂದು ವಕೀಲೆ ಬಸ್ಮಾ ಅಂದಾಗ ವಿದಾದ್ ನಕ್ಕಿದ್ದಳು. "ಬೇಡ ವಕೀಲಮ್ಮ. ಅಲ್ಲಿ ಉಮ್ಮಿ ಇದಾರೆ."

ಮರುದಿನ ಬೆಳಿಗ್ಗೆ ಅವಳು ಫೋನ್ ಮಾಡಿದ್ದು ಆ ಉಮ್ಮಿಗೇ.

"ಅಯ್ಯೋ ಮಗಳೇ, ಮಗು ಇಲ್ಲಿಲ್ವಲ್ಲ," ಅಂದಳು ಮನ್ನೂಬಿಯಾ. "ಲಸಾದ್ ಗಾಬಿಸ್‌ಗೆ, ಅವನ ಚಿಕ್ಕಮ್ಮನ ಮನೆಗೆ ಕರ್ಕೊಂಡು ಹೋದ. ನನ್ನ ಮಾತು ಕೇಳ್ಬೇಕಲ್ಲ! ನೀನು ಅಲ್ಲಿಗೇ ಹೋಗು, ತಡ ಮಾಡ್ಬೇಡ."

ವಿದಾದ್ ಹೊಲಿಗೆ ಕಾರ್ಖಾನೆಗೆ ರಜೆ ಹೇಳಿ ಗಾಬಿಸ್‌ಗೆ ಹೊರಟಳು. ಚಿಕ್ಕಮ್ಮ ಬಾಗಿಲು ತೆರೆದು, ಹಿಟ್ಟು ಮೆತ್ತಿದ ಕೈಯಲ್ಲೇ ಅವಳನ್ನು ತಬ್ಬಿ, ಒಳಗೆ ಕರೆದು ಕೂರಿಸಿದಳು.

"ಯಾವ ಮಗು? ಲಸಾದ್ ಮುಖ ನೋಡಿ ಎರಡು ಈದ್ ಕಳೀತು ಕಣಮ್ಮ. ಯಾರು ಹೇಳಿದ್ದು ನಿನಗೆ?"

"ಉಮ್ಮಿ."

ಚಿಕ್ಕಮ್ಮ ಎದ್ದು ಚಹಾಕ್ಕೆ ನೀರಿಟ್ಟಳು. ಆಗ ವಿದಾದ್‌ಗೆ ಎಲ್ಲವೂ ತಿಳಿಯಿತು. ತಾನು ಮಗುವನ್ನು ಹುಡುಕಿಕೊಂಡು ಬಂದದ್ದಲ್ಲ, ಮಗುವಿನಿಂದ ದೂರಕ್ಕೆ ಅಟ್ಟಿಸಿಕೊಂಡು ಬಂದದ್ದು. ಹಿಂತಿರುಗುವ ದಾರಿಯುದ್ದಕ್ಕೂ ವ್ಯಾನಿನ ಕಿಟಕಿಗೆ ಹಣೆ ಒತ್ತಿ ಕೂತಳು. ಲಸಾದ್ ಮೇಲೆ ಸಿಟ್ಟು ಬರಲಿಲ್ಲ. 'ತಡ ಮಾಡ್ಬೇಡ' ಅಂದ ಆ ದನಿಯ ಅಕ್ಕರೆಯೇ ಎದೆಯಲ್ಲಿ ಮುಳ್ಳಾಡಿಸುತ್ತಿತ್ತು.

ಬಸ್ಮಾ ಎಲ್ಲವನ್ನೂ ಕೇಳಿದಳು. ನಾನು ಆಗಲೇ ಹೇಳಿದ್ದೆ ಎನ್ನಲಿಲ್ಲ; ಅದೊಂದು ದೊಡ್ಡ ಉಪಕಾರ.

"ಮೊದಲು ಕೋರ್ಟಿನ ಅಮೀನರನ್ನ ಕರ್ಕೊಂಡು ದ್ವೀಪಕ್ಕೆ ಹೋಗಿ. ಆದೇಶ ತೋರಿಸಿ ಮಗು ಕೇಳ್ಲಿ. ಕೊಟ್ರೆ ಅಲ್ಲಿಗೆ ಮುಗೀತು. ಕೊಡ್ಲಿಲ್ಲ ಅಂದ್ರೆ, ಕೊಡ್ಲಿಲ್ಲ ಅಂತ ಅವರು ಬರ್ಕೊಂಡು ಬರ್ಬೇಕು. ಅದು ಕೈಲಿದ್ರೆ ಸರ್ಕಾರಿ ವಕೀಲರಿಗೆ ದೂರು ಕೊಡ್ಬಹುದು. ಮಗುನ ಒಪ್ಪಿಸದೆ ಇರೋದು ಈ ದೇಶದಲ್ಲಿ ಅಪರಾಧ, ಜೈಲೂ ಆಗುತ್ತೆ. ಮಗು ದೇಶ ಬಿಟ್ಟು ಹೋಗದ ಹಾಗೆ ತಡೆ ಕೇಳೋಣ. ಭೇಟಿ ಹೇಗಿರ್ಬೇಕು ಅನ್ನೋದನ್ನೂ ಬದಲಾಯಿಸಿ ಅಂತ ನ್ಯಾಯಾಧೀಶರನ್ನ ಕೇಳೋಣ. ಆದ್ರೆ ನೀವಾಗೇ ಹೋಗಿ ಎಳ್ಕೊಂಡು ಮಾತ್ರ ಬರ್ಬೇಡಿ. ಆಮೇಲೆ ತಪ್ಪು ನಿಮ್ಮದಾಗುತ್ತೆ."

ಅಮೀನ ಶದ್ಲಿ ವಯಸ್ಸಾದ ಮನುಷ್ಯ. ಫೆರಿಯಲ್ಲಿ ಉದ್ದಕ್ಕೂ ತೂಕಡಿಸಿದ. ರಮ್ಲಾ ಊರಿನಲ್ಲಿ ಮನ್ನೂಬಿಯಾ ಮನೆ ಬಾಗಿಲಿಗೆ ಬಂದಾಗ ಮಾತ್ರ ಕೋಟು ಸರಿಮಾಡಿಕೊಂಡು ನೆಟ್ಟಗಾದ. ಮನ್ನೂಬಿಯಾ ಅಂಗಳದಲ್ಲಿ ಕೂತು, ಮೆತ್ತಗಾಗಲೆಂದು ಆಕ್ಟೋಪಸ್ ಬಡಿಯುತ್ತಿದ್ದಳು. ಸೊಸೆಯನ್ನು ಕಂಡದ್ದೇ ಅವಳ ಕೈ ನಿಂತಿತು.

"ಮಗು ಇಲ್ಲ," ಅಂದಳು, ಯಾರೂ ಕೇಳುವ ಮೊದಲೇ. ಪಕ್ಕದ ತಟ್ಟೆಯಲ್ಲಿದ್ದ ರೊಟ್ಟಿಯ ಮೇಲೆ ಕೈಯಿಟ್ಟಳು. "ಈ ಅನ್ನದ ಆಣೆ, ಇಲ್ಲ."

ವಿದಾದ್ ಅಂಗಳದ ನಡುವೆ ನಿಂತು ಕೂಗಿದಳು. "ಸೀರೀನ್! ಅಮ್ಮ ಬಂದಿದೀನಿ ಕಂದಾ!"

ಒಳಗಿನ ಕೋಣೆಯ ಪರದೆ ಅಲುಗಿತು. ಸೀರೀನ್ ಹೊರಗೆ ಬಂದಳು. ಓಡಿ ಬರಲಿಲ್ಲ. ನೇರವಾಗಿ ಅಜ್ಜಿಯ ಬೆನ್ನ ಹಿಂದೆ ಹೋಗಿ ನಿಂತು, ಅಲ್ಲಿಂದ ತಾಯಿಯನ್ನು ನೋಡಿದಳು.

"ನೀನೇ ನನ್ನನ್ನ ಬೇಡ ಅಂದಿದ್ಯಂತಲ್ಲ."

"ಯಾರಮ್ಮ ಹೇಳಿದ್ದು?"

ಮಗು ಬಗ್ಗಿ ಅಜ್ಜಿಯ ಮುಖ ನೋಡಿತು, ಅಷ್ಟೇ.

ಅಷ್ಟರಲ್ಲಿ ಯಾರೋ ಸುದ್ದಿ ಮುಟ್ಟಿಸಿದ್ದರಿಂದ ಲಸಾದ್ ದಡದಿಂದ ಓಡಿಬಂದ. ಪ್ಯಾಂಟು ಮೊಣಕಾಲವರೆಗೆ ಒದ್ದೆ. ಬಂದವನೇ ಮಗುವನ್ನು ಎತ್ತಿಕೊಂಡ. "ಏನ್ ಬೇಕಾದ್ರೂ ಬರ್ಕೊಳ್ಳಿ ಹೋಗಿ. ನನ್ನ ಮಗಳು, ನನ್ನ ಮನೆ!"

"ಬರ್ಕೊಳ್ಳೋಕೇ ಬಂದಿರೋದು ಕಣಪ್ಪ," ಅಂದ ಶದ್ಲಿ. ಗೋಡೆಗೆ ಹಾಳೆ ಒತ್ತಿ ಬರೆಯತೊಡಗಿದ.

ವಿದಾದ್ ಕಾಲು ಮಗುವಿನ ಕಡೆ ಎರಡು ಬಾರಿ ಹೊರಟಿತು. ಎರಡು ಬಾರಿಯೂ ತಡೆದುಕೊಂಡಳು. ಮನ್ನೂಬಿಯಾ ಎದ್ದು ಬಂದು ಅವಳ ತೋಳು ಹಿಡಿದು ತಗ್ಗಿದ ದನಿಯಲ್ಲಿ ಅಂದಳು: "ಮಗಳು ಇರದಿದ್ರೆ ನಾನೂ ದೋಣಿ ಹತ್ತಿ ಇಟಲಿಗೆ ಹೋಗ್ತೀನಿ ಅಂದ ಕಣೇ ಲಸಾದ್. ಅವನ ತಮ್ಮ ಹಾಗೇ ಹೋದ, ಹೆಣಾನೂ ಸಿಗ್ಲಿಲ್ಲ. ನಾನೇನು ಮಾಡ್ಲಿ ಹೇಳು? ನೀನು ಗಟ್ಟಿಗಿತ್ತಿ, ಹೇಗೋ ಸಹಿಸ್ಕೋತೀಯ."

ವಿದಾದ್ ಆ ಕೈಯನ್ನು ಮೆಲ್ಲನೆ ಬಿಡಿಸಿದಳು.

ದೂರು ಬರೆಯುವ ದಿನ ಬಸ್ಮಾ ಪೆನ್ನು ಎತ್ತಿ ಹಿಡಿದು ಕೇಳಿದಳು. "ಮಗುನ ಬಚ್ಚಿಟ್ಟವರನ್ನೂ ಹೆಸರಿಸ್ಬಹುದು. ಮುದುಕಿ ಹೆಸರು ಹಾಕ್ಲಾ?"

ವಿದಾದ್‌ಗೆ ತಾನು ಬಾಣಂತಿಯಾಗಿದ್ದಾಗ ಜ್ವರ ಬಂದು, ಈ ಮುದುಕಿ ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಹಣೆಗೆ ಕಟ್ಟಿ ಬೆಳಗಿನವರೆಗೂ ಪಕ್ಕದಲ್ಲೇ ಕೂತದ್ದು ನೆನಪಾಯಿತು. "ಹಾಕಿ," ಅಂದಳು.

ಸರ್ಕಾರಿ ವಕೀಲರ ಕಚೇರಿಯಿಂದ ಕರೆ ಹೋದ ಮೇಲೆ ಲಸಾದ್‌ನ ಗತ್ತು ಇಳಿಯಿತು. ಠಾಣೆಗೆ ತಾನೇ ಮಗುವನ್ನು ಕರೆತಂದು ಒಪ್ಪಿಸಿದ. ಪ್ರಕರಣ ಅಲ್ಲಿಗೆ ನಿಲ್ಲಲಿಲ್ಲ. ಅವನಿಗೆ ಶಿಕ್ಷೆಯಾಯಿತು, ಆದರೆ ಅಮಾನತಿನಲ್ಲಿ: ಇನ್ನೊಮ್ಮೆ ಹೀಗೆ ಮಾಡಿದರೆ ಒಳಗೆ. ಮುದುಕಿಯನ್ನು ಗದರಿಸಿ ಬಿಟ್ಟರು. ಮಗು ಇನ್ನು ದ್ವೀಪಕ್ಕೆ ಹೋಗಬೇಕಿಲ್ಲ. ತಂದೆಯೇ ಸ್ಫಾಕ್ಸ್‌ಗೆ ಬಂದು, ಮಕ್ಕಳ ಕೇಂದ್ರದಲ್ಲಿ ಅಧಿಕಾರಿಯ ಎದುರು ನೋಡಬೇಕೆಂದು ಆದೇಶವಾಯಿತು. ವಿದಾದ್ ಕೇಳಿದ್ದೆಲ್ಲ ಸಿಕ್ಕಿತು.

ಮನೆಗೆ ಬಂದ ಸೀರೀನ್ ಊಟದ ನಡುವೆ, ಜಡೆ ಹೆಣೆಸಿಕೊಳ್ಳುವಾಗ, ಶಾಲೆಯ ಗೇಟಿನಲ್ಲಿ, ಒಂದೇ ಮಾತು ಕೇಳುತ್ತಿದ್ದಳು. "ನಿಜವಾಗ್ಲೂ ನೀನು ಹಾಗೆ ಹೇಳಿಲ್ವಾ ಅಮ್ಮ?"

"ಇಲ್ಲ ಕಂದಾ."

"ಹಾಗಾದ್ರೆ ಅಜ್ಜಿ ಸುಳ್ಳು ಹೇಳಿದ್ರಾ?"

ಹೌದು ಎಂದರೆ ಮಗುವಿಗೆ ಅಜ್ಜಿ ಇಲ್ಲವಾಗುತ್ತಾಳೆ. ಇಲ್ಲ ಎಂದರೆ ತಾಯಿ.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಭೇಟಿಯ ದಿನ ಮಗನ ಜೊತೆ ಮನ್ನೂಬಿಯಾ ಕೂಡ ಬಂದಳು. ಲಸಾದ್ ಮತ್ತು ಮಗು ಒಳಗೆ ಹೋದ ಮೇಲೆ ಹೊರಗಿನ ಬೆಂಚಿನಲ್ಲಿ ಇಬ್ಬರು ಹೆಂಗಸರೇ ಉಳಿದರು.

"ನನ್ನ ಹತ್ರ ಮಾತೇ ಆಡಲ್ವಾ ಮಗಳೇ? ಮೋಸ ಮಾಡಿದ್ದು ಅವನು. ಕೇಸು ಹಾಕಿದೆ, ಗೆದ್ದೆ. ಇನ್ನೂ ನನ್ನ ಮೇಲೇನು?"

"ಅವನು ಮೋಸ ಮಾಡ್ತಾನೆ ಅಂತ ನನಗೆ ಗೊತ್ತಿತ್ತು," ಅಂದಳು ವಿದಾದ್. "ಅದಕ್ಕೇ ಕೋರ್ಟಿಗೆ ಹೋಗಿ ಆದೇಶ ತಂದಿಟ್ಕೊಂಡಿದ್ದೆ. ನಿಮ್ಮ ವಿಷಯಕ್ಕೆ ಯಾವ ಆದೇಶಾನೂ ತಂದಿಟ್ಕೊಂಡಿರ್ಲಿಲ್ಲ."

ಮನ್ನೂಬಿಯಾ ಸೆರಗಿನಂತೆ ಹೊದ್ದ ಬಿಳಿ ಬಟ್ಟೆಯ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಅವಳು ಅಳುತ್ತಿದ್ದಾಳೆಂದು ವಿದಾದ್‌ಗೆ ಗೊತ್ತಾಯಿತು. ಎದ್ದು ಬೇರೆ ಬೆಂಚಿಗೆ ಹೋಗಲಿಲ್ಲ. ತಿರುಗಿಯೂ ನೋಡಲಿಲ್ಲ. ಮಗು ಹೊರಗೆ ಬರುವ ತನಕ ಇಬ್ಬರೂ ಹಾಗೇ ಕೂತಿದ್ದರು.