ಮಾವಳ್ಳಿಯ ಮರಳ ಮೇಲೆ ಹದಿನೈದು ಸಹಿ

ಮಾವಳ್ಳಿಯ ದಂಡೆಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ದೋಣಿಗಳು ದಡ ಮುಟ್ಟಲು ಅರ್ಧ ತಾಸಾದರೂ ಬೇಕು. ಖಾಲಿ ಬುಟ್ಟಿಯನ್ನು ಪಕ್ಕಕ್ಕಿಟ್ಟು ಕುಕ್ಕರುಗಾಲಲ್ಲಿ ಕೂತ ಗಂಗೆ, ಚಿಪ್ಪಿನ ಚೂರಿನಿಂದ ಒದ್ದೆ ಮರಳಿನ ಮೇಲೆ ‘ಳ’ ಬರೆದು ತೋರಿಸುತ್ತಿದ್ದಾಳೆ. ಹೊಸದಾಗಿ ಸೇರಿದ ಸಣ್ಣಿಗೆ ಅದರ ಬಾಲ ತಿರುಗಿಸಲು ಬರುತ್ತಿಲ್ಲ. ಅಷ್ಟರಲ್ಲಿ ತೆರೆ ಬಂದು ಒರೆಸಿಕೊಂಡು ಹೋಗುತ್ತದೆ. “ಸಮುದ್ರಕ್ಕೂ ಪಸಂದ ಬೀಳಲಿಲ್ಲ. ಇನ್ನೊಂದ್ಸಲ ಬರಿ,” ಎಂದು ಗಂಗೆ ನಗುತ್ತಾಳೆ.

ಇಪ್ಪತ್ತೇಳರ ಗಂಗೆ ಊರಿಗೆ ಮೀನಿನ ಗಂಗೆ. ಬೆಳಗಾದರೆ ತಲೆಯ ಮೇಲೆ ನೂರೈವತ್ತು ಬಂಗಡೆ, ಶಿರಾಲಿಯವರೆಗೆ ನಡಿಗೆ, ದಾರಿಯಲ್ಲಿ ನಲವತ್ತು ಮನೆ. ಸರಕಾರದ ಕಾಗದಪತ್ರದಲ್ಲಿ ಮಾತ್ರ ಅವಳು ಯುವತಿ ಮಂಡಳಿಯ ಅಧ್ಯಕ್ಷೆ.

ಮಂಡಳಿ ಹುಟ್ಟಿದ್ದು ಒಂದು ಪತ್ರದಿಂದ. ತಮ್ಮ ಶಿವ ಸರಕು ಸಾಗಿಸುವ ಹಾಯಿಹಡಗಿನಲ್ಲಿ, ಮಚವೆಯಲ್ಲಿ, ದುಡಿಯಲು ಮುಂಬಯಿಗೆ ಹೋಗಿ ಎರಡು ವರ್ಷವಾಗಿತ್ತು. ೧೯೬೧ರ ಬೇಸಗೆಯಲ್ಲಿ ಅವನ ಪತ್ರ ಬಂತು. ಓದಿ ಹೇಳುವ ಮಾಸ್ತರರು ರಜೆಯಲ್ಲಿದ್ದರು. ಮನೆಯ ಗುಟ್ಟು ಬೇರೆಯವರಿಗೆ ಯಾಕೆಂದು ಗಂಗೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡೇ ನಾಲ್ಕು ದಿನ ಮೀನು ಮಾರಿದಳು. ಕೊನೆಗೆ ಶಿರಾಲಿಯ ಗಿರಾಕಿಯೊಬ್ಬರು ಓದಿದರು: ‘ಗುರುವಾರ ಮಚವೆ ಹೊನ್ನಾವರದಲ್ಲಿ ನಿಲ್ಲುತ್ತದೆ. ಅಬ್ಬೆಯನ್ನು ಕರೆದುಕೊಂಡು ಬಾ.’ ಅಂದು ಶನಿವಾರ.

“ಅಂವ ಬಂದರದಲ್ಲಿ ದಿನಪೂರ್ತಿ ದಾರಿ ಕಾದಿದ್ನಂತೆ. ಪತ್ರ ನನ್ನ ಸೊಂಟದಲ್ಲೇ ಇತ್ತು,” ಎನ್ನುವಾಗ ಗಂಗೆಯ ದನಿ ಈಗಲೂ ಸಣ್ಣಗಾಗುತ್ತದೆ.

ಆ ಮಳೆಗಾಲ ಕಳೆದ ಮೇಲೆ ಗ್ರಾಮಸೇವಿಕೆ ಊರಿಗೆ ಬಂದರು. ಯುವತಿಯರು ಮಂಡಳಿ ಕಟ್ಟಿಕೊಂಡರೆ ಸರಕಾರ ಹೊಲಿಗೆ ಯಂತ್ರ ಕೊಡುತ್ತದೆ, ಹದಿನೈದು ಜನ ಅರ್ಜಿಗೆ ಸಹಿಯೋ ಹೆಬ್ಬೆಟ್ಟೋ ಹಾಕಿದರೆ ಸಾಕು ಎಂದರು. ಹೆಬ್ಬೆಟ್ಟಿಗೆ ಶಾಯಿಯನ್ನೂ ತಂದಿದ್ದರು. ಗಂಗೆ ಕೈ ಹಿಂದಕ್ಕೆಳೆದುಕೊಂಡಳು.

“ಹೆಬ್ಬೆಟ್ಟು ಒತ್ತೂಕೆ ಮಂಡಳಿ ಎಂತಕ್ಕೆ ಅಕ್ಕೋರೆ? ನಮಗೆ ಯಂತ್ರ ಬೇಡ, ಅಕ್ಷರ ಕೊಡಿ. ಸಹಿ ಮಾಡೂಕೆ ಬಂದ ಮೇಲೆ ನಾವೇ ಬತ್ತೇವೆ.”

ಊರವರು ಬೈದರು. ಕೈಗೆ ಬಂದ ತುತ್ತನ್ನು ಒದ್ದಳು ಎಂದರು. ಆ ವರ್ಷದ ಯಂತ್ರ ಪಕ್ಕದೂರಿಗೆ ಹೋಯಿತು. ಜೊತೆಗಾತಿಯರೂ ಒಂದು ವಾರ ಮುಖ ತಿರುಗಿಸಿದರು. ಮೊದಲು ಮನಸ್ಸು ಕರಗಿದ್ದು ತಿಮ್ಮಿಯದು. ನಾಲ್ಕನೇ ಇಯತ್ತೆ ಮುಗಿಸಿ ಶಾಲೆ ಬಿಟ್ಟವಳು, ಅಷ್ಟು ಹೆಂಗಸರಲ್ಲಿ ಓದು ಬಲ್ಲವಳು ಅವಳೊಬ್ಬಳೇ. ದೋಣಿ ಕಾಯುವ ಅರ್ಧ ತಾಸೇ ಶಾಲೆಯಾಯಿತು, ಚಿಪ್ಪೇ ಬಳಪ, ಮರಳೇ ಪಾಟಿಯಾಯಿತು.

ಐದು ತಿಂಗಳ ಮೇಲೆ ಹದಿನೈದೂ ಜನ ಭಟ್ಕಳದ ಬ್ಲಾಕ್ ಆಫೀಸಿಗೆ ಹೋದರು. ಸಾಹೇಬರ ಮೇಜಿನ ಮುಂದೆ, ಯಂತ್ರದ ಬದಲು ಓದುಬರಹದ ತರಗತಿ ಕೇಳಿದ ಅರ್ಜಿಗೆ ಒಬ್ಬೊಬ್ಬರೇ ಬಗ್ಗಿ ಸಹಿ ಹಾಕಿದರು. ಈರಮ್ಮನ ಕೈ ‘ಈ’ ಮುಗಿಸಿ ನಿಂತುಬಿಟ್ಟಿತು. ಮುಂದಿನ ಅಕ್ಷರ ಮರೆತಿತ್ತು. ಜವಾನ ಶಾಯಿ ತರಲೇ ಎಂದ. ಯಾರೂ ಹೇಳಿಕೊಡಲಿಲ್ಲ. ಈರಮ್ಮ ಕಣ್ಣು ಮುಚ್ಚಿ, ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡಿ, ಆಮೇಲೆ ಕಾಗದದ ಮೇಲಿಳಿಸಿದಳು. ಸಾಹೇಬರು ಅರ್ಜಿಯನ್ನು ತಮ್ಮತ್ತ ತಿರುಗಿಸಿಕೊಂಡು ಹದಿನೈದು ಹೆಸರನ್ನೂ ಗಟ್ಟಿಯಾಗಿ ಓದಿದರು.

ಮಳೆಗೆ ಮುಂಚೆ ಕರಿಹಲಗೆ, ಹದಿನೈದು ಪಾಟಿ, ಓದುವ ಪುಸ್ತಕ ಬಂದವು. ಕಲಿಸುವ ತಿಮ್ಮಿಗೆ ಗೌರವಧನವೂ ಮಂಜೂರಾಯಿತು. ಈಗ ರಾತ್ರಿ ಊಟದ ನಂತರ ಶಾಲೆಯ ಜಗುಲಿಯಲ್ಲಿ ತರಗತಿ. ಹೊಸಬರು ಮಾತ್ರ ಬೆಳಿಗ್ಗೆ ಮರಳಿನಲ್ಲೂ ತಿದ್ದುತ್ತಾರೆ.

ಗಂಗೆ ಬರೆದ ಮೊದಲ ಪತ್ರ ಮುಂಬಯಿಗೆ ಹೋಯಿತು. ‘ಅಕ್ಷರ ಚಂದ ಅದೆ, ಯಾರ ಕೈಲಿ ಬರೆಸಿದೆ?’ ಎಂದು ಶಿವ ಉತ್ತರಿಸಿದ. “‘ನನ್ನ ಕೈಲಿ’ ಅಂತ ಎರಡೇ ಶಬ್ದ ಬರೆದು ಕಾರ್ಡು ಹಾಕಿದೆ,” ಎನ್ನುತ್ತಾಳೆ ಗಂಗೆ. ಮುಂದಿನ ಬಾರಿ ಮಚವೆ ಹೊನ್ನಾವರಕ್ಕೆ ಬಂದಾಗ ತಾಯಿ ಮಗಳು ಇಬ್ಬರೂ ಬಂದರದಲ್ಲಿದ್ದರು.

ಸರಕಾರದಿಂದ ಇನ್ನೇನು ಬೇಕು ಎಂದು ಕೇಳಿದರೆ ಗಂಗೆ ಜಗುಲಿಯ ಅಂಚಿನತ್ತ ನೋಡುತ್ತಾಳೆ. ಅಲ್ಲಿ ಅವಳ ತಾಯಿ ಮಾಸ್ತಮ್ಮ ಬಲೆಯ ನೂಲು ಬಿಡಿಸುತ್ತ, ಕರಿಹಲಗೆಯ ಮೇಲಿದ್ದುದನ್ನು ತುಟಿಯಲ್ಲೇ ಓದುತ್ತಿದ್ದಾಳೆ.

“ಸರಕಾರದ ಲೆಕ್ಕದಲ್ಲಿ ಅಬ್ಬೆ ಯುವತಿ ಅಲ್ಲವಂತೆ. ಪಟ್ಟಿಯಲ್ಲಿ ಅವಳ ಹೆಸರು ಬರೂದಿಲ್ಲ. ಬರೂದು ಬೇಡ. ಮುಂದಿನ ಸಲ ಒಂದು ಪಾಟಿ ಹೆಚ್ಚಿಗೆ ಕೊಡಲಿ, ಸಾಕು.”